ಕೊರಕಲುಗಳನ್ನು ಓದಿದ ರಾಬರ್ಟ್ ಬ್ರೂಸ್ ಫೂಟ್

ಮಕ್ಕಳೇ, ರಾತ್ರಿಯಿಡೀ ಜೋರಾಗಿ ಮಳೆ ಸುರಿದ ಮರುದಿನ ಶಾಲೆಗೆ ಹೋಗುವಾಗ ದಾರಿಯ ಬದಿಯ ಮಣ್ಣಿನ ಗುಡ್ಡೆಯನ್ನು ಗಮನವಿಟ್ಟು ನೋಡಿದ್ದೀರಾ? ಕಾಮಾಕ್ಷಿಪಾಳ್ಯದಲ್ಲಿ ಅಂತಹ ಗುಡ್ಡೆಗಳನ್ನು ಹುಡುಕಿಕೊಂಡು ಹೋಗಬೇಕಾಗಿಲ್ಲ. ಒಂದಲ್ಲ ಒಂದು ಬೀದಿಯಲ್ಲಿ ಮನೆ ಕಟ್ಟುತ್ತಲೇ ಇರುತ್ತಾರೆ, ಪಾಯದ ಮಣ್ಣು ರಸ್ತೆಯ ಪಕ್ಕದಲ್ಲಿ ಬಿದ್ದಿರುತ್ತದೆ. ಮಳೆ ನಿಂತ ಮೇಲೆ ಆ ಗುಡ್ಡೆಯ ಮೈಮೇಲೆ ಗೀರುಗಳು ಮೂಡಿರುತ್ತವೆ. ಮೇಲೆ ಬೆರಳಿನಷ್ಟು ಸಣ್ಣ ಗೀರು, ಕೆಳಗೆ ಬರುತ್ತ ಅಂಗೈ ಅಗಲದ ಕಾಲುವೆ. ಕೆಲವು ಕಡೆ ಪುಟ್ಟ ಕಲ್ಲೊಂದು ಮಣ್ಣಿನ ಕಂಬದ ಮೇಲೆ ಟೋಪಿಯಂತೆ ಕುಳಿತಿರುತ್ತದೆ. ಸುತ್ತಲಿನ ಮಣ್ಣನ್ನೆಲ್ಲ ಮಳೆಹನಿ ಕೊಚ್ಚಿಕೊಂಡು ಹೋಗಿದೆ, ಕಲ್ಲಿನ ಕೆಳಗಿನ ಮಣ್ಣು ಮಾತ್ರ ಉಳಿದಿದೆ.

ಈ ಕಾಲುವೆಗೆ ನಮ್ಮ ಹಳ್ಳಿಗಳಲ್ಲಿ ಕೊರಕಲು ಎನ್ನುತ್ತಾರೆ. ಬಗ್ಗಿ ಅದರ ಒಳಗೋಡೆಯನ್ನು ನೋಡಿ. ಮೇಲೆ ಕೆಂಪು ಮಣ್ಣು, ಅದರ ಕೆಳಗೆ ಇಟ್ಟಿಗೆ ಚೂರು, ಇನ್ನೂ ಕೆಳಗೆ ಮರಳು ಕಂಡೀತು. ಲಾರಿಯವರು ಯಾವುದನ್ನು ಮೊದಲು ಸುರಿದರು, ಯಾವುದನ್ನು ಆಮೇಲೆ ಸುರಿದರು ಎಂಬುದು ಅಲ್ಲಿ ಬರೆದಿಟ್ಟಂತೆ ತಿಳಿಯುತ್ತದೆ. ಮಳೆ ಬಾರದಿದ್ದರೆ ನಿಮಗೆ ಇದು ಕಾಣುತ್ತಿರಲಿಲ್ಲ. ಆದರೆ ಇನ್ನೂ ನಾಲ್ಕು ಮಳೆ ಬಂದರೆ ಆ ಗೋಡೆಯೇ ಇರುವುದಿಲ್ಲ. ಆ ಮಣ್ಣು ಮೋರಿಯಿಂದ ರಾಜಕಾಲುವೆಗೆ, ಅಲ್ಲಿಂದ ವೃಷಭಾವತಿಗೆ, ಕೆಂಗೇರಿ ದಾಟಿ ಅರ್ಕಾವತಿಗೆ, ಕೊನೆಗೆ ಕಾವೇರಿಗೆ ಹೋಗುತ್ತದೆ.

ಈ ಗುಡ್ಡೆಗಿಂತ ಸಾವಿರಾರು ಪಟ್ಟು ದೊಡ್ಡದಾದ ಬೆಟ್ಟಗಳಲ್ಲೂ ನೀರು ಇದೇ ಕೆಲಸ ಮಾಡುತ್ತದೆ. ಅಂತಹ ಕೊರಕಲು, ಹಳ್ಳ, ಕಮರಿಗಳನ್ನು ಸುಮಾರು ನಲವತ್ತು ವರ್ಷಗಳ ಕಾಲ ಸುತ್ತಿ ನೋಡಿ, ಅವುಗಳ ಗೋಡೆಗಳನ್ನು ಪುಸ್ತಕದಂತೆ ಓದಿದ ಒಬ್ಬ ಭೂವಿಜ್ಞಾನಿಯ ಬಗ್ಗೆ ಈಗ ಹೇಳುತ್ತೇನೆ. ಅವರ ಹೆಸರು ರಾಬರ್ಟ್ ಬ್ರೂಸ್ ಫೂಟ್. ಭಾರತದ ಪ್ರಾಗಿತಿಹಾಸದ ಪಿತಾಮಹ ಎಂದು ಅವರನ್ನು ಕರೆಯುವುದುಂಟು. ಬರವಣಿಗೆ ಹುಟ್ಟುವುದಕ್ಕಿಂತ ಮುಂಚಿನ ಮಾನವನ ಕಥೆಯೇ ಪ್ರಾಗಿತಿಹಾಸ.

ಫೂಟ್ ಅವರು ಹುಟ್ಟಿದ್ದು 1834ರಲ್ಲಿ, ಇಂಗ್ಲೆಂಡಿನಲ್ಲಿ. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣ ಸಂಸ್ಥೆಯನ್ನು ಸೇರಿ 1858ರ ಡಿಸೆಂಬರಿನಲ್ಲಿ ಮದರಾಸಿಗೆ ಬಂದಿಳಿದಾಗ ಅವರಿಗೆ 24 ವರ್ಷ. ದಕ್ಷಿಣ ಭಾರತದ ಯಾವ ಜಾಗದಲ್ಲಿ ಯಾವ ಬಗೆಯ ಕಲ್ಲು ಇದೆ ಎಂಬುದರ ನಕ್ಷೆ ತಯಾರಿಸುವುದು ಅವರ ಕೆಲಸ. ಆಗ ವಿಮಾನವಿಲ್ಲ, ಉಪಗ್ರಹವಿಲ್ಲ. ನಮ್ಮ ಕಡೆ ರೈಲು ಕೂಡ ಸರಿಯಾಗಿ ಬಂದಿರಲಿಲ್ಲ. ಮಳೆಗಾಲ ಕಳೆದ ಮೇಲೆ ಡೇರೆ, ಪಾತ್ರೆ, ಪೆಟ್ಟಿಗೆಗಳನ್ನು ಎತ್ತಿನ ಗಾಡಿಯಲ್ಲಿ ಹೇರಿಕೊಂಡು ಹೊರಡಬೇಕು. ಊರಿಂದೂರಿಗೆ ಕುದುರೆಯ ಮೇಲೆ ಹೋಗಬಹುದು, ಆದರೆ ಕಲ್ಲು ನೋಡಬೇಕಾದಲ್ಲಿ ಕುದುರೆ ಇಳಿದು ನಡೆಯಲೇಬೇಕು. ಕೈಯಲ್ಲಿ ಸುತ್ತಿಗೆ, ಜೇಬಿನಲ್ಲಿ ದಿಕ್ಸೂಚಿ ಮತ್ತು ಟಿಪ್ಪಣಿ ಪುಸ್ತಕ. ಬೇಸಿಗೆಯ ಬಿಸಿಲು ಏರಿದ ಮೇಲೆ ಹಿಂತಿರುಗಿ, ನೋಡಿದ್ದನ್ನೆಲ್ಲ ಕುಳಿತು ಬರೆಯಬೇಕು. 1862ರಲ್ಲಿ ಅವರ ಮದುವೆಯಾಯಿತು. ಮಾವ ಪೀಟರ್ ಪರ್ಸಿವಲ್ ತಮಿಳು ಭಾಷೆಯನ್ನು ಆಳವಾಗಿ ಬಲ್ಲ ಪಾದ್ರಿ.

ಮರುವರ್ಷ, ಅಂದರೆ 1863ರ ಮೇ 30ರಂದು, ಮದರಾಸಿನ ಪಕ್ಕದ ಪಲ್ಲಾವರಂನಲ್ಲಿ ಜಲ್ಲಿ ತೆಗೆದ ಗುಂಡಿಯೊಂದರ ಬಳಿ ಅವರ ಕಣ್ಣಿಗೆ ಒಂದು ಕಲ್ಲು ಬಿತ್ತು. ಸುತ್ತಲೂ ಜಂಬಿಟ್ಟಿಗೆಯ ಕೆಂಪು ಜಲ್ಲಿ. ಈ ಕಲ್ಲು ಮಾತ್ರ ಬೇರೆ ಜಾತಿಯದು, ಕ್ವಾರ್ಟ್‌ಸೈಟ್ ಎಂಬ ಗಟ್ಟಿ ಕಲ್ಲು. ಅದರ ಎರಡೂ ಮುಖಗಳಿಂದ ಚಕ್ಕೆ ಎಬ್ಬಿಸಿ ಅಂಚನ್ನು ಚೂಪು ಮಾಡಲಾಗಿತ್ತು. ಉರುಳಿ ಬಿದ್ದ ಕಲ್ಲು ಹಾಗೆ ಒಡೆಯುವುದಿಲ್ಲ. ಅದು ಆದಿಮಾನವನ ಕೈಗೊಡಲಿ! ಅದಕ್ಕೆ ನಾಲ್ಕು ವರ್ಷ ಮೊದಲು, 1859ರಲ್ಲಿ, ಫ್ರಾನ್ಸಿನ ಸೋಮ್ ನದಿಯ ಕಣಿವೆಯಲ್ಲಿ ಸಿಕ್ಕಿದ್ದ ಇಂತಹವೇ ಕಲ್ಲುಗಳು ಮನುಷ್ಯ ಮಾಡಿದವು ಎಂದು ಯೂರೋಪಿನ ವಿದ್ವಾಂಸರು ಒಪ್ಪಿಕೊಂಡಿದ್ದರು. ಆ ಸುದ್ದಿ ತಿಳಿದಿದ್ದರಿಂದಲೇ ಫೂಟ್ ಅವರಿಗೆ ತಮ್ಮ ಕೈಯಲ್ಲಿರುವುದು ಏನೆಂದು ಗುರುತು ಹತ್ತಿತು. ಅದೇ ಜಾಗದಲ್ಲಿ ಅದೆಷ್ಟು ಜನ ನಡೆದುಹೋಗಿರಬೇಕು! ತಿಳಿದಿರುವ ಕಣ್ಣಿಗೆ ಮಾತ್ರ ಅದು ಕೊಡಲಿ, ಉಳಿದವರಿಗೆ ಬರಿಯ ಜಲ್ಲಿ.

ನಾಲ್ಕು ತಿಂಗಳ ನಂತರ ಗೆಳೆಯ ವಿಲಿಯಂ ಕಿಂಗ್ ಅವರೊಂದಿಗೆ ಅತ್ತಿರಂಪಾಕ್ಕಂ ಎಂಬ ಊರಿಗೆ ಹೋದರು. ಅಲ್ಲಿ ಮಳೆನೀರು ನೆಲವನ್ನು ಕೊರೆದು ಕೊರಕಲು ಮಾಡಿತ್ತು. ಹಳ್ಳದ ದಂಡೆಯ ಪದರಗಳೊಳಗೇ ಕೈಗೊಡಲಿಗಳು ಸಿಕ್ಕಿಕೊಂಡಿದ್ದವು. ಇದು ಏಕೆ ಮುಖ್ಯ ಗೊತ್ತೇ? ಹಳ್ಳದ ತಳದಲ್ಲಿ ಬಿದ್ದಿರುವ ಕಲ್ಲು ಎಲ್ಲಿಂದಲೋ ಉರುಳಿ ಬಂದಿರಬಹುದು, ಅದಕ್ಕೆ ವಿಳಾಸವಿಲ್ಲ. ಗೋಡೆಯ ಪದರದಲ್ಲಿ ಸಿಕ್ಕಿಕೊಂಡಿರುವ ಕಲ್ಲಿಗೆ ವಿಳಾಸವಿದೆ. ಆ ಪದರದ ಮಣ್ಣು ಎಷ್ಟು ಹಳೆಯದೋ ಕಲ್ಲು ಅಲ್ಲಿ ಬಂದು ಸೇರಿಯೂ ಅಷ್ಟೇ ಕಾಲವಾಗಿದೆ. ಫೂಟ್ ಅವರ ಕಾಲದಲ್ಲಿ ಆ ವಯಸ್ಸನ್ನು ವರ್ಷಗಳಲ್ಲಿ ಅಳೆಯುವ ಉಪಾಯವಿರಲಿಲ್ಲ. ಆದರೂ ಯಾವ ಕಲ್ಲು ಯಾವ ಪದರದ್ದು ಎಂದು ಅವರು ಬರೆದಿಟ್ಟರು. ಮುಂದೆ ಅದೇ ಅತ್ತಿರಂಪಾಕ್ಕಂನಲ್ಲಿ ಭಾರತೀಯ ವಿಜ್ಞಾನಿಗಳು ಹೊಸದಾಗಿ ಉತ್ಖನನ ನಡೆಸಿ, ಅಲ್ಲಿನ ಅತ್ಯಂತ ಹಳೆಯ ಉಪಕರಣಗಳು ಸುಮಾರು 15 ಲಕ್ಷ ವರ್ಷಗಳಷ್ಟು ಹಿಂದಿನವು ಎಂದು 2011ರಲ್ಲಿ ಪ್ರಕಟಿಸಿದರು.

ಇನ್ನು ನಮ್ಮ ನಾಡಿಗೆ ಬರೋಣ. ಇಂದಿನ ಬೆಳಗಾವಿ, ಬಾಗಲಕೋಟೆ, ವಿಜಯಪುರ, ಧಾರವಾಡದ ಸೀಮೆಯನ್ನು ಫೂಟ್ ಸುತ್ತಿ, 1876ರಲ್ಲಿ ಆ ಬಗ್ಗೆ ದೊಡ್ಡ ವರದಿ ಪ್ರಕಟಿಸಿದರು. ಭೂವಿಜ್ಞಾನದ ಪುಸ್ತಕಗಳಲ್ಲಿ ಕಲಾದಗಿ ಎಂಬ ನಮ್ಮ ಊರಿನ ಹೆಸರು ಒಂದು ಶಿಲಾಸಮೂಹಕ್ಕೆ ಬಂದದ್ದು ಅವರಿಂದ. ಮಲಪ್ರಭಾ ನದಿಯ ದಂಡೆಯ ಜಲ್ಲಿಯಲ್ಲಿಯೂ ಅವರಿಗೆ ಕೈಗೊಡಲಿಗಳು ಸಿಕ್ಕವು.

ಇದೇ ಸುತ್ತಾಟದಲ್ಲಿ ನನಗೆ ಬಹಳ ಇಷ್ಟವಾದ ಘಟನೆಯೊಂದಿದೆ. ಗೋಕಾಕದ ಹತ್ತಿರ ಒಂದು ಹಳ್ಳ. ಅದರ ದಂಡೆಯ ಜೇಡಿಮಣ್ಣಿನಲ್ಲಿ ಫೂಟ್ ಅವರಿಗೆ ದವಡೆಯ ತುಂಡುಗಳು ಮತ್ತು ದೊಡ್ಡ ಹಲ್ಲುಗಳು ಸಿಕ್ಕವು. ಎಮ್ಮೆಯವೇ? ಅಲ್ಲ. ಆನೆಯವೇ? ಅದೂ ಅಲ್ಲ. ಅವು ಖಡ್ಗಮೃಗದವು! ಈಗ ಖಡ್ಗಮೃಗವನ್ನು ಕಾಡಿನಲ್ಲಿ ನೋಡಬೇಕೆಂದರೆ ನೀವು ಅಸ್ಸಾಮಿನ ಕಾಜಿರಂಗದಂತಹ ದೂರದ ಜಾಗಕ್ಕೆ ಹೋಗಬೇಕು. ಆದರೆ ಹಿಂದೊಂದು ಕಾಲದಲ್ಲಿ ಘಟಪ್ರಭೆಯ ಸೀಮೆಯಲ್ಲೇ ಅವು ಮೇಯುತ್ತಿದ್ದವು. ಅದು ಈಗ ಬದುಕಿಲ್ಲದ ಜಾತಿ ಎಂದು ತೀರ್ಮಾನಿಸಿ, ದಖ್ಖನ್ನಿನ ಹೆಸರು ಸೇರಿಸಿ ರೈನಾಸೆರಸ್ ಡೆಕ್ಕನೆನ್ಸಿಸ್ ಎಂದು 1874ರಲ್ಲಿ ಫೂಟ್ ಅದನ್ನು ವರ್ಣಿಸಿದರು. ಹಳ್ಳ ತನ್ನ ದಂಡೆಯನ್ನು ಕೊರೆಯದಿದ್ದರೆ ಆ ಮೂಳೆ ಹೊರಗೆ ಕಾಣುತ್ತಿರಲಿಲ್ಲ. ಫೂಟ್ ಕೆಲವು ಮಳೆಗಾಲ ತಡವಾಗಿ ಬಂದಿದ್ದರೂ ಕಾಣುತ್ತಿರಲಿಲ್ಲವೋ ಏನೋ. ದಂಡೆ ಕುಸಿದು, ಮೂಳೆ ಪುಡಿಯಾಗಿ ಹರಿದುಹೋಗುತ್ತಿತ್ತು.

1880ರ ದಶಕದಲ್ಲಿ ಅವರು ಬಳ್ಳಾರಿ ಸೀಮೆಯಲ್ಲಿ ಸರ್ವೇಕ್ಷಣೆ ನಡೆಸಿದರು. ಬನ್ನಿ, ಅಲ್ಲಿನ ಒಂದು ಜಾಗಕ್ಕೆ ನಾವೂ ಮನಸ್ಸಿನಲ್ಲೇ ನಡೆದುಹೋಗೋಣ.

ಸಂಡೂರು ಒಂದು ಕಣಿವೆಯ ಊರು. ದೋಣಿಯಾಕಾರದ ಕಣಿವೆ, ಸುತ್ತಲೂ ಕೋಟೆಯ ಗೋಡೆಯಂತೆ ಬೆಟ್ಟದ ಸಾಲು. ಈ ಗೋಡೆಯನ್ನು ನಾರಿಹಳ್ಳ ಎಂಬ ಹೊಳೆ ಎರಡು ಕಡೆ ಸೀಳಿದೆ. ಒಂದು ಸೀಳಿನಿಂದ ಒಳಗೆ ಬರುತ್ತದೆ, ಇನ್ನೊಂದರಿಂದ ಹೊರಗೆ ಹೋಗುತ್ತದೆ. ಒಳಗೆ ಬರುವ ಬಾಗಿಲು ಓಬಳಗಂಡಿ, ಹೊರಗೆ ಹೋಗುವ ಬಾಗಿಲು ಭೀಮಗಂಡಿ. ಗಂಡಿ ಎಂದರೆ ಸಂದು, ಇಕ್ಕಟ್ಟಾದ ದಾರಿ. ಬೇಲಿಯಲ್ಲಿ ದನ ನುಗ್ಗುವ ಜಾಗಕ್ಕೂ ನಮ್ಮ ಹಿರಿಯರು ಗಂಡಿ ಎಂದೇ ಹೇಳುತ್ತಿದ್ದರು. ಭೀಮಗಂಡಿ ದಾಟಿದ ನೀರು ದರೋಜಿ ಕೆರೆಗೆ, ಅಲ್ಲಿಂದ ಮುಂದೆ ತುಂಗಭದ್ರೆಗೆ ಹೋಗುತ್ತದೆ.

ಓಬಳಗಂಡಿಯೊಳಗೆ ಕಾಲಿಟ್ಟರೆ ಎರಡೂ ಕಡೆ ಬಂಡೆ ಕಡಿದಾಗಿ ಮೇಲೇಳುತ್ತದೆ. ಬಂಡೆಯ ಮೈತುಂಬ ಪಟ್ಟೆಗಳು. ಕಡುಗೆಂಪು, ಬೂದು, ಕಪ್ಪು, ಮತ್ತೆ ಕೆಂಪು. ಸೀರೆಯ ಮಡಿಕೆಗಳನ್ನು ಒಂದರ ಮೇಲೊಂದು ಜೋಡಿಸಿಟ್ಟಂತೆ. ಕಪ್ಪು ಮತ್ತು ಕೆಂಪು ಪಟ್ಟೆಗಳಲ್ಲಿ ಕಬ್ಬಿಣದ ಅಂಶ ಹೆಚ್ಚು, ತಿಳಿ ಬಣ್ಣದವುಗಳಲ್ಲಿ ಸಿಲಿಕ ಹೆಚ್ಚು. ಸುಮಾರು 270 ಕೋಟಿ ವರ್ಷಗಳ ಹಿಂದೆ ಇಲ್ಲಿ ಸಮುದ್ರವಿತ್ತು. ನೀರಿನಲ್ಲಿ ಕರಗಿದ್ದ ಕಬ್ಬಿಣ ಮತ್ತು ಸಿಲಿಕ ತಳಕ್ಕಿಳಿದು ಪದರ ಪದರವಾಗಿ ಕೂಡಿಕೊಂಡವು. ಆಮೇಲೆ ಭೂಮಿಯ ಒತ್ತಡಕ್ಕೆ ಆ ಪದರಗಳು ಮಡಚಿ ನೆಟ್ಟಗೆ ನಿಂತವು.

ಕಾಲಕೆಳಗಿನ ಕಲ್ಲುಗಳನ್ನೂ ನೋಡಿ. ಬಂಡೆಯ ಬುಡದಲ್ಲಿ ಚೂಪು ಮೂಲೆಯ ದೊಡ್ಡ ತುಂಡುಗಳು ಬಿದ್ದಿವೆ. ಅವು ಮೇಲಿನಿಂದ ಕಳಚಿ ಬಿದ್ದಂಥವು, ಇನ್ನೂ ಹೆಚ್ಚು ಉರುಳಿಲ್ಲ. ಹಳ್ಳದ ಪಾತ್ರದಲ್ಲಿರುವವು ದುಂಡಗೆ, ನುಣುಪಾಗಿವೆ. ಅವು ದೂರದಿಂದ ಬಂದಂಥವು. ಬೇಸಿಗೆಯಲ್ಲಿ ಸಣ್ಣಗೆ ಹರಿಯುವ ಹಳ್ಳ ಇಷ್ಟು ದೊಡ್ಡ ಕಲ್ಲುಗಳನ್ನು ಹೇಗೆ ಉರುಳಿಸಿತು ಎಂದು ನಿಮಗೆ ಅನುಮಾನ ಬರಬಹುದು. ನೀರಿನ ವೇಗ ಎರಡು ಪಟ್ಟಾದರೆ, ಅದು ಉರುಳಿಸಬಲ್ಲ ಕಲ್ಲಿನ ತೂಕ ಎರಡು ಪಟ್ಟಾಗುವುದಿಲ್ಲ; ಲೆಕ್ಕದ ಪ್ರಕಾರ ಸುಮಾರು 64 ಪಟ್ಟಾಗುತ್ತದೆ! ವರ್ಷದಲ್ಲಿ ಬರುವ ಎರಡೋ ಮೂರೋ ದೊಡ್ಡ ಪ್ರವಾಹಗಳು, ಉಳಿದೆಲ್ಲ ದಿನ ಹರಿದ ನೀರಿಗಿಂತ ಹೆಚ್ಚು ಕೆಲಸ ಮಾಡಿಬಿಡುತ್ತವೆ. ಕಣಿವೆಯ ಒಳಗಿನ ಮೆತ್ತನೆಯ ಕಲ್ಲು ಬೇಗ ಸವೆದು ತಗ್ಗಾಯಿತು. ಪಟ್ಟೆಕಲ್ಲು ಗಟ್ಟಿಯಾದ್ದರಿಂದ ಬೆಟ್ಟವಾಗಿ ನಿಂತಿತು. ಆದರೆ ಬಿರುಕು, ಸಂದುಗಳಿರುವ ಕಡೆ ಗಟ್ಟಿ ಕಲ್ಲನ್ನೂ ನೀರು ಬಿಡಲಿಲ್ಲ. (ಮಳೆಗಾಲದಲ್ಲಿ ಇಂತಹ ಗಂಡಿಗಳ ಒಳಗೆ ಇಳಿಯಬಾರದು. ನಿಮ್ಮ ತಲೆಯ ಮೇಲೆ ಬಿಸಿಲಿದ್ದರೂ ದೂರದ ಬೆಟ್ಟದಲ್ಲಿ ಬಿದ್ದ ಮಳೆ ಇದ್ದಕ್ಕಿದ್ದಂತೆ ನುಗ್ಗಿ ಬರಬಹುದು. ಬುಡದಲ್ಲಿ ನಿಂತು ಕಲ್ಲು ಕೀಳುವುದೂ ಅಪಾಯ.)

ಫೂಟ್ ಅವರಿಗಿಂತ ಸುಮಾರು 50 ವರ್ಷ ಮೊದಲೇ ನ್ಯೂಬೋಲ್ಡ್ ಎಂಬ ಸೈನ್ಯಾಧಿಕಾರಿ ಸಂಡೂರನ್ನು ನೋಡಿ ಬರೆದಿದ್ದರು. ಫೂಟ್ ಅದನ್ನು ಓದಿಕೊಂಡೇ ಬಂದು, ತಾವೂ ನೋಡಿ, ಇನ್ನಷ್ಟು ಸೇರಿಸಿದರು. ಬೆಟ್ಟದಲ್ಲಿ ರಂಧ್ರ ಕೊರೆಯುವ ಯಂತ್ರ ಅವರ ಬಳಿ ಇರಲಿಲ್ಲ. ನಾರಿಹಳ್ಳದಂತಹ ಹೊಳೆಗಳು ಕೊರೆದಿಟ್ಟ ಗಂಡಿಗಳೇ ಬೆಟ್ಟದ ಹೊಟ್ಟೆಯೊಳಗೆ ಏನಿದೆ ಎಂದು ನೋಡಲು ಕಿಟಕಿಗಳಾದವು. ಧಾರವಾಡ, ಸಂಡೂರು, ಕೋಲಾರ, ಹೀಗೆ ದೂರ ದೂರದ ಊರುಗಳಲ್ಲಿ ಪಟ್ಟಿ ಪಟ್ಟಿಯಾಗಿ ಕಾಣುವ ಈ ಕಲ್ಲುಗಳು ಒಂದೇ ಗುಂಪಿಗೆ ಸೇರಿದವು ಎಂದು ಫೂಟ್ ತಿಳಿದು, ಅದನ್ನು ಧಾರವಾಡ ಶಿಲಾವ್ಯವಸ್ಥೆ ಎಂದು ಕರೆದರು. ದಕ್ಷಿಣ ಭಾರತದ ಚಿನ್ನ ಸಿಗುವುದು ಮುಖ್ಯವಾಗಿ ಈ ಕಲ್ಲುಗಳಲ್ಲೇ ಎಂದೂ 1888ರಲ್ಲಿ ಬರೆದರು. ಧಾರವಾಡದ ಹೆಸರನ್ನು ಇಂದಿಗೂ ಪ್ರಪಂಚದ ಭೂವಿಜ್ಞಾನಿಗಳೆಲ್ಲ ಬಳಸುತ್ತಾರೆ. ಬಳ್ಳಾರಿಯ ಕುರಿತ ಅವರ ದೊಡ್ಡ ವರದಿ 1895ರಲ್ಲಿ ಹೊರಬಂತು.

ಬಳ್ಳಾರಿ ನಗರದ ಪಕ್ಕದ ಸಂಗನಕಲ್ಲು, ಕಪ್ಪಗಲ್ಲು ಗುಡ್ಡಗಳಲ್ಲಿ ಅವರು ನವಶಿಲಾಯುಗದ ದೊಡ್ಡ ಕೊಡಲಿ ಕಾರ್ಖಾನೆಯನ್ನೇ ಗುರುತಿಸಿದರು. ಕಾರ್ಖಾನೆ ಎಂದರೆ ಯಂತ್ರದ್ದಲ್ಲ. ಕಪ್ಪು ಕಲ್ಲನ್ನು ಒಡೆದು, ಕೆತ್ತಿ, ಉಜ್ಜಿ ಕೊಡಲಿ ಮಾಡುತ್ತಿದ್ದ ಜಾಗ. ಅರ್ಧ ಮಾಡಿದವು, ಮಾಡುವಾಗ ಮುರಿದವು, ಚಕ್ಕೆಗಳು, ಎಲ್ಲವೂ ರಾಶಿ ಬಿದ್ದಿದ್ದವು.

ಇಲ್ಲಿ ನನ್ನದೇ ಒಂದು ಸಂಗತಿ ಹೇಳಬೇಕು. ಕೆಲವು ವರ್ಷಗಳ ಹಿಂದೆ ಬೇರೆ ಶಿಕ್ಷಕರ ಜೊತೆ ಓಬಳಗಂಡಿಗೆ ಹೋಗಿದ್ದಾಗ ಚೆಂದದ ಪಟ್ಟೆಕಲ್ಲೊಂದನ್ನು ಚೀಲಕ್ಕೆ ಹಾಕಿಕೊಂಡು ಬಂದೆ. ಅದನ್ನು ಕಾಮಾಕ್ಷಿಪಾಳ್ಯದ ಒಂದು ಶಾಲೆಯಲ್ಲಿ ತೋರಿಸುತ್ತಿದ್ದಾಗ ಆರನೆಯ ತರಗತಿಯ ಹುಡುಗಿಯೊಬ್ಬಳು, ಇದು ಗೋಡೆಯಲ್ಲಿದ್ದದ್ದೋ ಹಳ್ಳದಲ್ಲಿ ಬಿದ್ದದ್ದೋ ಎಂದು ಕೇಳಿದಳು. ನನ್ನಲ್ಲಿ ಉತ್ತರವಿರಲಿಲ್ಲ. ಎಡದಂಡೆಯೋ ಬಲದಂಡೆಯೋ ಎಂಬುದು ಕೂಡ ನೆನಪಿರಲಿಲ್ಲ. ಎಂಎಸ್ಸಿ ಓದಿದ ನಾನು ಅಂದು ತಂದದ್ದು ವಿಳಾಸವಿಲ್ಲದ ಕಲ್ಲು! ಫೂಟ್ ಹಾಗೆ ಮಾಡಲಿಲ್ಲ. ತಾವು ಸಂಗ್ರಹಿಸಿದ ಕಲ್ಲು, ಮಡಕೆ ಚೂರುಗಳಿಗೆ ಸಂಖ್ಯೆ ಕೊಟ್ಟು, ಎಲ್ಲಿ ಸಿಕ್ಕಿತು ಎಂದು ಪಟ್ಟಿ ಮಾಡಿದರು. ಅಂತಹ ಜಾಗಗಳು ನಾನೂರಕ್ಕೂ ಹೆಚ್ಚು.

ಅವರೂ ತಪ್ಪಿದ್ದುಂಟು. ಹಳೆ ಶಿಲಾಯುಗದ ಜನರಿಗೂ ನವಶಿಲಾಯುಗದ ಜನರಿಗೂ ನಡುವೆ ಬಹಳ ದೀರ್ಘವಾದ ಖಾಲಿ ಕಾಲವಿತ್ತು ಎಂದು ಅವರು ಭಾವಿಸಿದ್ದರು. ಅವರು ನೋಡಿದ ನದಿದಂಡೆಗಳಲ್ಲಿ ಎರಡರ ನಡುವೆ ದಪ್ಪನೆಯ ಖಾಲಿ ಪದರಗಳಿದ್ದವು. ಮುಂದೆ ಬಂದವರು ಬೇರೆ ಜಾಗಗಳಲ್ಲಿ ಅಗೆದಾಗ ಆ ನಡುವಿನ ಕಾಲದ ಜನರೂ, ಅವರ ಪುಟ್ಟ ಪುಟ್ಟ ಕಲ್ಲಿನ ಉಪಕರಣಗಳೂ ಸಿಕ್ಕಿ ಆ ಖಾಲಿ ತುಂಬುತ್ತ ಬಂತು. ಕೊರಕಲು ತಾನು ಕೊರೆದ ಜಾಗವನ್ನು ಮಾತ್ರ ತೋರಿಸುತ್ತದೆ; ಪಕ್ಕದ ಹತ್ತು ಮಾರು ದೂರದಲ್ಲಿ ಏನಿದೆ ಎಂದು ಅದಕ್ಕೆ ಹೇಳಲಾಗದು. ಆದರೆ ಅವರ ತಪ್ಪನ್ನು ತಿದ್ದಲು ಸಾಧ್ಯವಾದದ್ದು ಜಾಗದ ಹೆಸರುಗಳು ಬರೆದಿದ್ದುದರಿಂದ. ಅವರ ಪಟ್ಟಿ ಹಿಡಿದು ಮತ್ತೆ ಅದೇ ಜಾಗಗಳಿಗೆ ಹೋಗಬಹುದಿತ್ತು. ಸಂಗನಕಲ್ಲಿಗೆ 1940ರ ದಶಕದಲ್ಲಿ ಬಿ. ಸುಬ್ಬರಾವ್ ಹೋದರು, ಅವರ ನಂತರವೂ ಎಷ್ಟೋ ವಿದ್ವಾಂಸರು ಹೋದರು.

ಹಾಗೆ ಹೋದವರಿಗೆ ಕಂಡದ್ದೆಲ್ಲ ಸಂತೋಷದ ವಿಷಯವಲ್ಲ. ಸಂಗನಕಲ್ಲಿನ ಗುಡ್ಡಗಳನ್ನು ಕಲ್ಲು ಗಣಿಗಾರಿಕೆ ತಿನ್ನತೊಡಗಿತ್ತು. ಸಂಡೂರಿನ ಬೆಟ್ಟಗಳಲ್ಲಿ ಕಬ್ಬಿಣದ ಅದಿರಿಗಾಗಿ ಅಗೆದದ್ದು ಎಷ್ಟು ಮಿತಿ ಮೀರಿತೆಂದರೆ, 2011ರ ಜುಲೈನಲ್ಲಿ ಸರ್ವೋಚ್ಚ ನ್ಯಾಯಾಲಯವು ಬಳ್ಳಾರಿ ಜಿಲ್ಲೆಯ ಗಣಿಗಾರಿಕೆಯನ್ನು ನಿಲ್ಲಿಸಬೇಕಾಯಿತು. ಬೆಟ್ಟ ಅಗೆದಾಗ ಅದಿರಿನ ಜೊತೆ ಬೇಡದ ಮಣ್ಣೂ ಬರುತ್ತದೆ. ಅದನ್ನು ಇಳಿಜಾರಿನಲ್ಲಿ ಗುಡ್ಡೆ ಹಾಕಿದರೆ ನಿಮ್ಮ ಬೀದಿಯ ಮಣ್ಣಿನ ಗುಡ್ಡೆಗೆ ಆದದ್ದೇ ಅದಕ್ಕೂ ಆಗುತ್ತದೆ. ಮಳೆ ಬಂದಾಗ ಕೊರಕಲು ಬಿದ್ದು ಕೆಂಪು ಕೆಸರು ಹಳ್ಳಕ್ಕೆ, ಹೊಲಕ್ಕೆ, ಕೆರೆಗೆ ಇಳಿಯುತ್ತದೆ. ಮುಂದೆ ಗಣಿಗಳು ಮತ್ತೆ ತೆರೆಯಬೇಕಾದರೆ ಆ ಮಣ್ಣು ಜಾರದಂತೆ ತಡೆಗೋಡೆ, ತಡೆ ಅಣೆ ಕಟ್ಟಿ, ಗಿಡ ನೆಡುವ ಯೋಜನೆ ಇರಬೇಕೆಂದು ನ್ಯಾಯಾಲಯ ಷರತ್ತು ಹಾಕಿತು. ಕೋಟ್ಯಂತರ ವರ್ಷ ನೀರು ನಿಧಾನವಾಗಿ ಕೊರೆದ ಬೆಟ್ಟವನ್ನು ಯಂತ್ರಗಳು ಹತ್ತೇ ವರ್ಷಗಳಲ್ಲಿ ಕೊರೆಯಬಲ್ಲವು. ಅದರ ಗೋಡೆಯಲ್ಲಿ ಏನು ಬರೆದಿತ್ತು ಎಂದು ಓದಿಕೊಳ್ಳಲು ಆಗ ಯಾರಿಗೂ ಪುರುಸೊತ್ತು ಇರುವುದಿಲ್ಲ.

ಫೂಟ್ 1891ರಲ್ಲಿ ಸರ್ವೇಕ್ಷಣ ಸಂಸ್ಥೆಯಿಂದ ನಿವೃತ್ತರಾದರು. ಸುಮ್ಮನೆ ಕೂರಲಿಲ್ಲ. ಬರೋಡ ಸಂಸ್ಥಾನಕ್ಕಾಗಿ ಕೆಲಸ ಮಾಡಿದರು. ಮೈಸೂರು ಸಂಸ್ಥಾನವು 1894ರಲ್ಲಿ ತನ್ನದೇ ಭೂವಿಜ್ಞಾನ ಇಲಾಖೆಯನ್ನು ಆರಂಭಿಸಿದಾಗ ಅದರ ಮೊದಲ ಮುಖ್ಯಸ್ಥರಾದರು. ಆಗ ಅವರಿಗೆ ಅರವತ್ತು ವರ್ಷ. ಬೆಂಗಳೂರಿನ ರೇಸ್‌ಕೋರ್ಸ್ ರಸ್ತೆಯ ಖನಿಜ ಭವನದಲ್ಲಿರುವ ಗಣಿ ಮತ್ತು ಭೂವಿಜ್ಞಾನ ಇಲಾಖೆಯು ಆ ಹಳೆಯ ಇಲಾಖೆಯ ಮುಂದುವರಿಕೆಯೇ. ಅವರ ನಂತರ ಬಂದ ಸ್ಮೀತ್ ಎಂಬ ಭೂವಿಜ್ಞಾನಿ ಆ ಕೆಲಸವನ್ನು ಮುಂದುವರಿಸಿದರು. ನಿಮ್ಮ ಶಾಲೆಯ ಕೆಳಗಿನ ನೆಲವೂ ಆ ನಕ್ಷೆಗಳಲ್ಲಿ ಸೇರಿದೆ. ಅದು ನೈಸ್ ಎಂಬ ಶಿಲೆ, ಲಾಲ್‌ಬಾಗಿನ ಬಂಡೆಯ ಜಾತಿಯದು, ಸುಮಾರು 300 ಕೋಟಿ ವರ್ಷ ಹಳೆಯದು.

ಫೂಟ್ ಅವರ ಸಂಗ್ರಹವನ್ನು 1904ರಲ್ಲಿ ಮದರಾಸಿನ ಸರ್ಕಾರಿ ವಸ್ತುಸಂಗ್ರಹಾಲಯ ಕೊಂಡುಕೊಂಡಿತು. ಅದರ ವಿವರವಾದ ಪಟ್ಟಿಯನ್ನು ಬರೆಯುವ ಕೆಲಸ ಮುದುಕರಾದ ಮೇಲೂ ನಡೆದೇ ಇತ್ತು. ಅದು ಪುಸ್ತಕವಾಗಿ ಹೊರಬಂದದ್ದು 1914ರಲ್ಲಿ. ಅದನ್ನು ನೋಡಲು ಅವರು ಉಳಿದಿರಲಿಲ್ಲ. 1912ರ ಡಿಸೆಂಬರ್ 29ರಂದು ಕಲ್ಕತ್ತೆಯಲ್ಲಿ ತೀರಿಕೊಂಡರು. ಅವರ ಚಿತಾಭಸ್ಮ ತಮಿಳುನಾಡಿನ ಏರ್ಕಾಡಿನ ಚರ್ಚಿನಲ್ಲಿದೆ. ಏರ್ಕಾಡಿನಲ್ಲೇ ಅವರ ಮನೆಯೂ ಇತ್ತು. ಬಳ್ಳಾರಿಯಲ್ಲಿ ಈಗ ಅವರ ಹೆಸರಿನ ವಸ್ತುಸಂಗ್ರಹಾಲಯವಿದೆ. ಆ ಕಡೆ ಪ್ರವಾಸ ಹೋದರೆ ಸಂಗನಕಲ್ಲಿನ ಕೊಡಲಿಗಳನ್ನು ಅಲ್ಲಿ ನೋಡಿ ಬನ್ನಿ.

ಅದಕ್ಕೂ ಮೊದಲು ಒಂದು ಕೆಲಸ. ನಿಮ್ಮ ಬೀದಿಯಲ್ಲಿ ಒಂದು ಮಣ್ಣಿನ ಗುಡ್ಡೆಯನ್ನು ಆರಿಸಿಕೊಳ್ಳಿ. ಮಳೆ ಬಂದ ಮರುದಿನ ಅದರ ಒಂದೇ ಕೊರಕಲಿನ ಆಳ ಮತ್ತು ಅಗಲವನ್ನು ಸ್ಕೇಲಿನಿಂದ ಅಳೆಯಿರಿ. ಗೋಡೆಯಲ್ಲಿ ಕಾಣುವ ಪದರಗಳ ಚಿತ್ರ ಬರೆಯಿರಿ. ಪಕ್ಕದಲ್ಲಿ ದಿನಾಂಕ, ಬೀದಿಯ ಹೆಸರು, ಯಾವ ದಿಕ್ಕಿಗೆ ನಿಂತು ನೋಡಿದಿರಿ ಎಂಬುದನ್ನು ಬರೆಯಿರಿ. ಮುಂದಿನ ಮಳೆಯ ನಂತರ ಅದೇ ಜಾಗದಲ್ಲಿ ಮತ್ತೆ ಅಳೆಯಿರಿ. ನಾನು ನಿಮ್ಮ ಶಾಲೆಗೆ ಬಂದಾಗ ಆ ಪುಸ್ತಕ ತೋರಿಸಿ. ನನ್ನ ವಿಳಾಸವಿಲ್ಲದ ಕಲ್ಲನ್ನು ನಾನೂ ತರುತ್ತೇನೆ.